ಹೆಸರಾಂತ ನಟಿಯೊಬ್ಬರು 12 ದಿನದೊಳಗೆ ಗುಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಿಕೊಡಿ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ?

ನಿಮ್ಮ ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ನನ್ನ ಅಂಗೈ ಬೆವೆತಿತ್ತು. ನೀವು ಸ್ವಂತ ಕ್ಲಿನಿಕ್ ತೆರೆದು ಎರಡು ವರ್ಷವಾದ ಪ್ಲಾಸ್ಟಿಕ್ ಸರ್ಜನ್. ಎದುರಿಗೆ ಎಲ್ಲರೂ ಗುರುತಿಸುವ ಮುಖ. ಹೊಟ್ಟೆ, ಸೊಂಟದ ಕೊಬ್ಬು ತೆಗೆಯಬೇಕು, ಸಡಿಲವಾದ ಚರ್ಮವನ್ನೂ ಬಿಗಿ ಮಾಡಬೇಕು, ಎಲ್ಲವೂ ಒಂದೇ ಸಲಕ್ಕೆ. ಚಿತ್ರೀಕರಣದ ದಿನಾಂಕ ನಿಗದಿಯಾಗಿದೆ. “ನಾನು ಒಲ್ಲೆ ಎಂದರೆ ನನಗಿಂತ ಕಡಿಮೆ ನುರಿತವರ ಬಳಿ ಹೋಗುತ್ತಾರೆ. ಅದಕ್ಕಿಂತ ನಾನೇ ಜಾಗ್ರತೆಯಿಂದ ಮಾಡುವುದು ಒಳ್ಳೆಯದಲ್ಲವೇ?” ಎಂದು ಕೇಳಿದ್ದೀರಿ. 14 ವರ್ಷದ ಹಿಂದೆ ಹೆಚ್ಚು ಕಡಿಮೆ ಇದೇ ಮಾತನ್ನು ನಾನು ನನ್ನ ಅರಿವಳಿಕೆ ತಜ್ಞರಿಗೆ ಹೇಳಿದ್ದೆ.

ಆಗ ನನ್ನ ಬಳಿಯೂ ಒಬ್ಬ ನಟಿ ಇಂಥದೇ ಅವಸರದಲ್ಲಿ ಬಂದಿದ್ದರು. ಆಕೆ ಬಂದದ್ದು ರಾತ್ರಿ ಒಂಬತ್ತೂವರೆಗೆ, ಉಳಿದ ರೋಗಿಗಳೆಲ್ಲ ಹೋದ ಮೇಲೆ, ಹಿಂಬಾಗಿಲಿನಿಂದ. ಜೊತೆಯಲ್ಲಿ ಮ್ಯಾನೇಜರ್. ಮ್ಯಾನೇಜರ್ ಎಂದರೆ ಹೊರಗಿನವರಲ್ಲ, ಆಕೆಯ ಸೋದರಮಾವ. ಒಂದು ಪಾತ್ರಕ್ಕಾಗಿ ತೂಕ ಏರಿಸಿಕೊಂಡಿದ್ದರು, ಇನ್ನೊಂದಕ್ಕಾಗಿ ಇಳಿಸಿದ್ದರು. ಹೊಟ್ಟೆಯ ಚರ್ಮ ನಿಜಕ್ಕೂ ಜೋತು ಬಿದ್ದಿತ್ತು, ಹಾಗಾಗಿ ಬೇಡಿಕೆ ಅಸಂಬದ್ಧವೇನೂ ಆಗಿರಲಿಲ್ಲ. ಹೃದಯ ಚೆನ್ನಾಗಿತ್ತು, ರಕ್ತಪರೀಕ್ಷೆ ಚೆನ್ನಾಗಿತ್ತು, ವಯಸ್ಸು ಮೂವತ್ತೈದರೊಳಗೆ. ಪರೀಕ್ಷೆಯಲ್ಲಿ ಕೇಳಿದರೆ “ಶಸ್ತ್ರಚಿಕಿತ್ಸೆಗೆ ಯೋಗ್ಯ” ಎಂದು ಯಾವ ವಿದ್ಯಾರ್ಥಿಯಾದರೂ ಬರೆಯುತ್ತಿದ್ದ.

ನಾನು ಮಾಡಿದ ತಪ್ಪು ಆಪರೇಷನ್ ಟೇಬಲ್ಲಿನ ಮೇಲೆ ಆದದ್ದಲ್ಲ. ನನ್ನ ಕೋಣೆಯಲ್ಲಿ, ನನ್ನ ಮೇಜಿನ ಎದುರು, ಎರಡು ಕುರ್ಚಿಗಳ ನಡುವೆ ಆಯಿತು. ಅದನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ.

ಪ್ರತಿ ರೋಗಿಗೂ ಕೇಳುವ ಪ್ರಶ್ನೆಗಳ ಪಟ್ಟಿ ನನ್ನ ಬಳಿ ಇತ್ತು. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟುವ ಕಾಯಿಲೆ ಇದೆಯೇ, ಔಷಧಿಯ ಅಲರ್ಜಿ ಇದೆಯೇ, ಸಿಗರೇಟು, ಮದ್ಯ, ಹೀಗೆ. ನಾನು ಒಂದೊಂದಾಗಿ ಕೇಳುತ್ತಾ ಹೋದೆ, ಉತ್ತರವೆಲ್ಲ ಮಾವನಿಂದಲೇ ಬಂತು. “ಪ್ರತಿದಿನ ತೆಗೆದುಕೊಳ್ಳುವ ಮಾತ್ರೆ ಏನಾದರೂ? ಹಾರ್ಮೋನಿನ ಮಾತ್ರೆ?” ಎಂದೆ. “ಏನೂ ಇಲ್ಲ ಡಾಕ್ಟರೇ, ನಮ್ಮ ಹುಡುಗಿ ತಲೆನೋವಿಗೂ ಮಾತ್ರೆ ನುಂಗುವವಳಲ್ಲ” ಎಂದರು. ಆಕೆ ಮಡಿಲಲ್ಲಿದ್ದ ಚೀಲದ ಜಿಪ್ಪನ್ನು ಒಂದಿಷ್ಟು ಎಳೆದು ಮತ್ತೆ ಮುಚ್ಚಿದರು. ಮಾವನ ಕಡೆ ನೋಡಿದರು, ನನ್ನ ಕಡೆ ನೋಡಿದರು, ತಲೆಯಾಡಿಸಿದರು. ಆ ಜಿಪ್ಪನ್ನು ನಾನು ನೋಡಿದೆ. ನೋಡಿಯೂ ಕೇಸ್ ಶೀಟಿನಲ್ಲಿ “ಇಲ್ಲ” ಎಂದು ಬರೆದೆ.

ಆ ಚೀಲದಲ್ಲಿ ಗರ್ಭನಿರೋಧಕ ಮಾತ್ರೆಯ ಸ್ಟ್ರಿಪ್ ಇತ್ತು. ಸತತ ಚಿತ್ರೀಕರಣದ ನಡುವೆ ಮುಟ್ಟು ಬಾರದಿರಲಿ ಎಂದು ಆಕೆ ತಿಂಗಳುಗಟ್ಟಲೆ ಬಿಡುವಿಲ್ಲದೆ ಅದನ್ನು ನುಂಗುತ್ತಿದ್ದರು. ಮದುವೆಯಾಗದ ಹೆಣ್ಣುಮಗಳು ಮಾವನ ಎದುರು ಅದನ್ನು ಹೇಗೆ ಹೇಳಬೇಕು? ಹೇಳುವ ಹಾಗೆ ನಾನು ಎಡೆ ಮಾಡಿಕೊಡಬೇಕಿತ್ತು. “ಪರೀಕ್ಷೆ ಮಾಡಬೇಕು, ನೀವು ಐದು ನಿಮಿಷ ಹೊರಗೆ ಕುಳಿತಿರಿ” ಎಂದು ಮಾವನಿಗೆ ಹೇಳಿದ್ದರೆ ಸಾಕಿತ್ತು. ಬೇರೆ ಎಲ್ಲ ರೋಗಿಗಳ ವಿಷಯದಲ್ಲೂ ಹಾಗೆ ಹೇಳುತ್ತಿದ್ದೆ. ಅಂದು ಹೇಳಲಿಲ್ಲ. ಮಾವ ಮುನಿಸಿಕೊಂಡರೆ ಕೇಸ್ ಕೈತಪ್ಪುತ್ತದೆ ಎಂಬ ಭಯ ನನಗಿತ್ತು. ಅದಕ್ಕೆ ಬೇರೆ ಹೆಸರು ಕೊಡಲು ವರ್ಷಗಟ್ಟಲೆ ಪ್ರಯತ್ನಿಸಿದ್ದೇನೆ, ಆಗಿಲ್ಲ. ಪರೀಕ್ಷೆ ಮಾಡುವಾಗ ನಡುವೆ ಪರದೆ ಇತ್ತು ನಿಜ, ಆದರೆ ಮಾತು ದಾಟದಷ್ಟು ದಪ್ಪದ ಪರದೆ ಎಲ್ಲಿಯೂ ಇಲ್ಲ.

ಒಂದು ಮಾತ್ರೆಗೆ ಇಷ್ಟು ಮಹತ್ವ ಏಕೆ ಎಂಬುದು ನಿಮಗೆ ಗೊತ್ತು, ಬೇರೆ ಓದುಗರಿಗಾಗಿ ಹೇಳುತ್ತೇನೆ. ಅದರಲ್ಲಿರುವ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ಆರೋಗ್ಯವಂತ ಯುವತಿ ಓಡಾಡಿಕೊಂಡಿದ್ದಾಗ ಆ ಅಪಾಯ ಬಹಳ ಸಣ್ಣದು. ಆದರೆ ಹೊಟ್ಟೆ ಬಿಗಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಗಂಟೆಗಟ್ಟಲೆ ಕಾಲು ಅಲುಗಾಡುವುದಿಲ್ಲ. ಹೊಟ್ಟೆಯ ಗೋಡೆಯನ್ನು ಎಳೆದು ಹೊಲಿದಾಗ ಒಳಗಿನ ಒತ್ತಡ ಏರಿ ಕಾಲಿನಿಂದ ಮೇಲೆ ಬರುವ ರಕ್ತ ನಿಧಾನವಾಗುತ್ತದೆ. ಆಮೇಲೆ ಬಿಗಿಯಾದ ಒತ್ತುಪಟ್ಟಿ, ನೋವಿನಿಂದ ಬಾಗಿದ ನಡಿಗೆ, ಇಡೀ ದಿನ ಹಾಸಿಗೆ. ಅದರ ಜೊತೆಗೆ ಕೊಬ್ಬನ್ನೂ ಹೀರಿ ತೆಗೆದರೆ ಅಪಾಯ ಇನ್ನೂ ಏರುತ್ತದೆ. ಆದ್ದರಿಂದಲೇ ದೊಡ್ಡ ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮೊದಲು ಈ ಮಾತ್ರೆ ನಿಲ್ಲಿಸಬೇಕೆಂಬ ಸಲಹೆ ಪಠ್ಯಗಳಲ್ಲಿ ಬಂದಿದೆ. ನಾಲ್ಕು ವಾರ ಎಂದರೆ 28 ದಿನ. ನಮಗಿದ್ದದ್ದು 11 ದಿನ. ಒಂದೇ ಒಂದು “ಹೌದು” ಬಂದಿದ್ದರೆ ಇಡೀ ವೇಳಾಪಟ್ಟಿ ಬಿದ್ದುಹೋಗುತ್ತಿತ್ತು. ನಾನು ಆ “ಹೌದು” ಬಾರದಂತೆ ಕೇಳಿದೆ. ಬೇಕೆಂದು ಹಾಗೆ ಮಾಡಲಿಲ್ಲ, ಆದರೂ ಹಾಗೆಯೇ ಕೇಳಿದೆ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅರಿವಳಿಕೆ ತಜ್ಞರು, ನನಗಿಂತ ಹತ್ತು ವರ್ಷ ಹಿರಿಯರು, ಒಂದೇ ಪ್ರಶ್ನೆ ಕೇಳಿದರು: “ಈಕೆಯನ್ನು ಒಬ್ಬಳನ್ನೇ ಕೂರಿಸಿ ಮಾತನಾಡಿಸಿದ್ದೀಯಾ?” “ಎಲ್ಲ ಕೇಳಿದ್ದೇನೆ ಸರ್” ಎಂದೆ. ಅವರು ಕೇಳಿದ್ದು ಅದನ್ನಲ್ಲ. ಮುಂದೆ ಅವರು ನನ್ನ ಜೊತೆ ಕೆಲಸ ಮಾಡುವುದನ್ನು ನಿಲ್ಲಿಸಿದ್ದು ಈ ಉತ್ತರಕ್ಕಾಗಿಯೇ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಎರಡನೆಯ ರಾತ್ರಿಯೇ, ಫೋಟೊ ತೆಗೆಯುವವರ ಕಣ್ಣು ತಪ್ಪಿಸಲು, ಕಾರಿನಲ್ಲಿ ಆರು ಗಂಟೆ ದೂರದ ಮನೆಗೆ ಕರೆದೊಯ್ದರು. ನಾಲ್ಕನೆಯ ದಿನ ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ ಎಂದು ಫೋನ್ ಬಂತು. ಫೋನ್ ಮಾಡಿದವರೂ ಮಾವನೇ. ಒತ್ತುಪಟ್ಟಿ ಸ್ವಲ್ಪ ಸಡಿಲಿಸಿ, ನಡೆದಾಡಿಸಿ ಎಂದೆ. ಐದನೆಯ ದಿನ ಬೆಳಿಗ್ಗೆ ಸ್ನಾನದ ಮನೆಯಿಂದ ಹೊರಬಂದವರು ಬಾಗಿಲ ಚೌಕಟ್ಟು ಹಿಡಿದು ನಿಂತರಂತೆ, ಒಂದು ಪೂರ್ತಿ ವಾಕ್ಯ ಆಡುವಷ್ಟು ಉಸಿರು ಇರಲಿಲ್ಲವಂತೆ. ಕಾಲಿನ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಸೇರಿತ್ತು. ಒಂಬತ್ತು ದಿನ ತೀವ್ರ ನಿಗಾ ಘಟಕದಲ್ಲಿದ್ದರು. ಬದುಕಿದರು. ಆರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ, ಕೈಬಿಟ್ಟ ಚಿತ್ರ, ಹೊಟ್ಟೆಯ ಗಾಯದಲ್ಲಿ ರಕ್ತ ತುಂಬಿ ಮತ್ತೊಮ್ಮೆ ಬಿಚ್ಚಿದ ಹೊಲಿಗೆ. ನಾನು ಎಂಟು ತಿಂಗಳು ಚಾಕು ಹಿಡಿಯಲಿಲ್ಲ.

ಕೊನೆಯ ತಪಾಸಣೆಗೆ ಆಕೆ ಒಬ್ಬರೇ ಬಂದರು. ನಾನು ಕ್ಷಮೆ ಕೇಳಿದೆ. “ನೀವು ಕೇಳಿದ್ದರೆ ಹೇಳುತ್ತಿದ್ದೆ ಡಾಕ್ಟರೇ. ನೀವು ಕೇಳಿದ್ದು ಮಾವನನ್ನು” ಎಂದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. “ಬೇರೆಯವರ ಬಳಿ ಹೋಗುತ್ತಾರೆ” ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಇನ್ನೊಬ್ಬ ವೈದ್ಯ ಏನು ಮಾಡಬಹುದು ಎಂಬುದು ನಿಮ್ಮ ಶಸ್ತ್ರಚಿಕಿತ್ಸೆಗೆ ಕಾರಣವಾಗಲಾರದು. ಗಾಯಕ ಕಾನ್ಯೆ ವೆಸ್ಟ್ ಅವರ ತಾಯಿ ಡೋಂಡಾ ವೆಸ್ಟ್ 2007ರ ನವೆಂಬರಿನಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯ ಮರುದಿನ ತೀರಿಕೊಂಡರು. ಅದಕ್ಕೂ ಮೊದಲು ಬೇರೊಬ್ಬ ಸರ್ಜನ್, ಆರೋಗ್ಯ ತಪಾಸಣೆಯ ಒಪ್ಪಿಗೆ ತರದೆ ಮಾಡುವುದಿಲ್ಲ ಎಂದು ನಿರಾಕರಿಸಿದ್ದರು ಎಂಬುದು ವರದಿಯಾಯಿತು. ಆ ನಿರಾಕರಣೆ ಅವರನ್ನು ಉಳಿಸಲಿಲ್ಲ, ಏನು ಪ್ರಯೋಜನ ಎನ್ನುತ್ತೀರಾ? ನನಗೆ ಆ ಕಥೆಯಲ್ಲಿ ವೈದ್ಯನಾಗಿ ಕಾಣುವವರು ಆ ಇಲ್ಲವೆಂದವರೇ. ಮೈಕಲ್ ಜಾಕ್ಸನ್ ಅವರ ವೈದ್ಯನನ್ನು ನೋಡಿ. ತಿಂಗಳಿಗೆ 1,50,000 ಡಾಲರ್ ಒಪ್ಪಂದ, ನಿದ್ದೆ ಬಾರದ ರೋಗಿಗೆ ಮನೆಯ ಮಲಗುವ ಕೋಣೆಯಲ್ಲಿ ಪ್ರೊಪೊಫಾಲ್. ಅದು ಆಪರೇಷನ್ ಕೋಣೆಯ ಔಷಧಿ, ಉಸಿರಾಟದ ಮೇಲೆ ಕಣ್ಣಿಟ್ಟು ಕೊಡಬೇಕಾದದ್ದು. 2009ರ ಜೂನ್ 25ರಂದು ಜಾಕ್ಸನ್ ತೀರಿಕೊಂಡರು, 2011ರಲ್ಲಿ ವೈದ್ಯ ಅಪರಾಧಿಯೆಂದು ತೀರ್ಪಾಯಿತು. ರೋಗಿ ಬೇಡಿದ್ದನ್ನು ಕೊಟ್ಟೆ ಎಂಬುದು ಅಲ್ಲಿ ರಕ್ಷಣೆಯಾಗಲಿಲ್ಲ, ಆಗಲೂಬಾರದು.

ಗಣ್ಯರಿಗಾಗಿ ನಿಯಮ ಸಡಿಲಿಸಿದಾಗ ಅವರಿಗೇ ಕೆಟ್ಟ ಚಿಕಿತ್ಸೆ ಸಿಗುತ್ತದೆ ಎಂಬುದಕ್ಕೆ 1964ರಲ್ಲೇ ವಾಲ್ಟರ್ ವೈನ್‌ಟ್ರಾಬ್ ಎಂಬ ಮನೋವೈದ್ಯರು “ವಿಐಪಿ ಸಿಂಡ್ರೋಮ್” ಎಂದು ಹೆಸರಿಟ್ಟರು. ಸಡಿಲವಾಗುವುದು ಯಾವಾಗಲೂ ಸಣ್ಣ ಸಂಗತಿ. 2014ರಲ್ಲಿ 81 ವರ್ಷದ ಹಾಸ್ಯನಟಿ ಜೋನ್ ರಿವರ್ಸ್ ಎಂಡೋಸ್ಕೋಪಿಗೆ ಹೋಗಿ ಮತ್ತೆ ಎಚ್ಚರಗೊಳ್ಳಲಿಲ್ಲ. ಆ ಕ್ಲಿನಿಕ್ಕಿನ ತಪಾಸಣೆ ನಡೆಸಿದ ಸರ್ಕಾರಿ ವರದಿಯಲ್ಲಿ ಅರಿವಳಿಕೆಗೆ ಮುನ್ನ ಆಕೆಯ ತೂಕ ದಾಖಲಾಗಿಲ್ಲ ಎಂದಿತ್ತು. ಪ್ರಜ್ಞೆಯಿಲ್ಲದ ಆಕೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿದ್ದರು ಎಂದೂ ಇತ್ತು. ಅದನ್ನು ಓದಿದ ದಿನ ನಾನು ನನ್ನ ಹಳೆಯ ಕೇಸ್ ಶೀಟ್ ತೆಗೆದು ಆ “ಇಲ್ಲ”ವನ್ನು ಮತ್ತೊಮ್ಮೆ ನೋಡಿದೆ.

ಗುಟ್ಟಿನ ವಿಷಯ. ಗುಟ್ಟು ಕಾಪಾಡುವುದು ನಮ್ಮ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇರೆ ಹೆಸರಿನಲ್ಲಿ ಕೇಸ್ ಶೀಟ್ ಮಾಡಿಸುವಂತೆ ಅವರು ಕೇಳಿದ್ದಾರೆ ಎಂದು ಬರೆದಿದ್ದೀರಿ. ಖಂಡಿತ ಬೇಡ. ರಾತ್ರಿ ಎರಡು ಗಂಟೆಗೆ ರಕ್ತ ಬೇಕಾದಾಗ, ಬೇರೆ ಆಸ್ಪತ್ರೆಗೆ ಸಾಗಿಸುವಾಗ, ಹಳೆಯ ಅಲರ್ಜಿ ಹುಡುಕುವಾಗ ಆ ಸುಳ್ಳು ಹೆಸರು ಕೊರಳಿಗೆ ಸುತ್ತಿಕೊಳ್ಳುತ್ತದೆ. ಕಡತಕ್ಕೆ ಬೀಗ ಹಾಕಿ, ನೋಡುವವರ ಸಂಖ್ಯೆ ಕಡಿಮೆ ಮಾಡಿ, ಹೆಸರು ಮಾತ್ರ ನಿಜವಾದದ್ದೇ ಇರಲಿ. ಅದೇ ರೀತಿ ನಾಳೆ ಟಿವಿಯವರು ಇನ್ಯಾರದೋ ಬಗ್ಗೆ ಕೇಳಿದಾಗಲೂ ಬಾಯಿ ಬಿಗಿ ಹಿಡಿಯಿರಿ. ಕಿರುತೆರೆ ನಟಿ ಚೇತನಾ ರಾಜ್ 2022ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡಾಗ ಆಕೆಗೆ 21 ವರ್ಷ. ಏನಾಗಿರಬಹುದು ಹೇಳಿ ಎಂದು ನನಗೂ ಕರೆ ಬಂತು. ನಾನು ನೋಡದ ರೋಗಿ, ಓದದ ಕೇಸ್ ಶೀಟ್, ಆಗಷ್ಟೇ ಮಗಳನ್ನು ಕಳೆದುಕೊಂಡ ಮನೆ. ಏನು ಹೇಳಲಿ? ಯಾವ ನಟಿಯ ಮೂಗು ನಿಜ, ಯಾರದು ಮಾಡಿಸಿದ್ದು ಎಂದು ಫೋಟೊ ನೋಡಿ ಬಿಡಿಸಿ ಹೇಳುವ ವೈದ್ಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಾವು ಪರೀಕ್ಷಿಸದ ಗಣ್ಯರ ಬಗ್ಗೆ ಅಭಿಪ್ರಾಯ ಹೇಳಬಾರದೆಂದು ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ನಿಯಮ ಮಾಡಿಕೊಂಡಿತು. ನಾವು ಸರ್ಜನ್ನರೂ ಅದನ್ನು ಪಾಲಿಸಬೇಕು.

ಇನ್ನೊಂದು ಮಾತು, ಇದು ನನ್ನ ಕಾಲದಲ್ಲಿ ಇರಲಿಲ್ಲ. ಈಗ ಮುಚ್ಚಿಡುವುದು ಗರ್ಭನಿರೋಧಕ ಮಾತ್ರೆಗಿಂತ ತೂಕ ಇಳಿಸುವ ಚುಚ್ಚುಮದ್ದನ್ನು. ಸೆಮಾಗ್ಲುಟೈಡ್‌ನಂಥ ಔಷಧಿ ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ. ರಾತ್ರಿಯಿಂದ ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದು, ಅರಿವಳಿಕೆ ಕೊಟ್ಟಾಗ ಶ್ವಾಸನಾಳಕ್ಕೆ ಹೋಗಬಹುದು. 2023ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ ವಾರದ ಚುಚ್ಚುಮದ್ದನ್ನು ಒಂದು ವಾರ ಮೊದಲೇ ನಿಲ್ಲಿಸಲು ಸಲಹೆ ಕೊಟ್ಟಿತು, ಆಮೇಲೆ ರೋಗಿಯನ್ನು ನೋಡಿ ತೀರ್ಮಾನಿಸಿ ಎಂದು ಸಡಿಲಿಸಲಾಯಿತು. ಹೇಗಿದ್ದರೂ ಅರಿವಳಿಕೆ ಕೊಡುವವರಿಗೆ ವಿಷಯ ತಿಳಿದಿರಬೇಕು. “ವ್ಯಾಯಾಮದಿಂದಲೇ ಇಳಿಸಿದೆ” ಎಂದು ಸಂದರ್ಶನದಲ್ಲಿ ಹೇಳಿದವರು ಅದನ್ನು ತಂಡದ ಎದುರು ನಿಮಗೆ ಹೇಳುವುದಿಲ್ಲ.

ಒಪ್ಪಿಕೊಳ್ಳಬೇಕೋ ಬೇಡವೋ ಎಂಬುದನ್ನು ನಾನು ಇಲ್ಲಿ ಕುಳಿತು ಹೇಳಲಾರೆ, ನಾನು ಆಕೆಯನ್ನು ನೋಡಿಲ್ಲ. ಆದರೆ 12 ದಿನಕ್ಕೆ ಮಾತ್ರ ಒಪ್ಪಬೇಡಿ. ದಿನಾಂಕವನ್ನು ನಿಗದಿ ಮಾಡುವುದು ದೇಹ, ನಿರ್ಮಾಪಕರಲ್ಲ. ಮುಂದಿನ ಭೇಟಿಗೆ ಹಗಲು ಹೊತ್ತಿನಲ್ಲಿ ಬರಲು ಹೇಳಿ. ಕೋಣೆಯಲ್ಲಿ ಆಕೆ, ನೀವು, ಒಬ್ಬ ನರ್ಸ್, ಮೂರೇ ಜನ ಇರಿ. ಇದಕ್ಕೆ ಅವರ ಕಡೆಯವರು ಒಪ್ಪದಿದ್ದರೆ ಅಲ್ಲಿಗೇ ಕೇಸ್ ಬಿಡಿ. ಮಾತ್ರೆ, ಚುಚ್ಚುಮದ್ದು, ನಿದ್ದೆಗೆ ಏನು ತೆಗೆದುಕೊಳ್ಳುತ್ತೀರಿ, ಹಿಂದೆ ಎಲ್ಲೆಲ್ಲಿ ಏನೇನು ಮಾಡಿಸಿದ್ದೀರಿ, ಎಲ್ಲ ಕೇಳಿ. ಕೇಳಿ ಸುಮ್ಮನೆ ಕುಳಿತಿರಿ, ಉತ್ತರ ಬರಲು ಹೊತ್ತು ಹಿಡಿಯುತ್ತದೆ.

ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ಅದರಲ್ಲಿ “ಅವರ ತಂಡ ಹೇಳಿದೆ”, “ನಿರ್ಮಾಪಕರು ಬಯಸಿದ್ದಾರೆ”, “ಮ್ಯಾನೇಜರ್ ಒತ್ತಾಯಿಸುತ್ತಿದ್ದಾರೆ” ಎಂದೆಲ್ಲ ಇದೆ. ಆಕೆಗೆ ಇದು ಬೇಕೇ ಎಂಬುದು ಒಮ್ಮೆಯೂ ಇಲ್ಲ. ಮೊದಲು ಅದನ್ನು ಕೇಳಿಕೊಂಡು ಬನ್ನಿ.