ಗ್ರಾಮ ಪಂಚಾಯ್ತಿ ಲೈಬ್ರರಿಯಲ್ಲಿ ಕೆಲಸ ಹೇಗಿರುತ್ತೆ? ಕಾರ್ಯಕ್ರಮ ಎಲ್ಲಾ ಯಾರು ಮಾಡ್ತಾರೆ?

ಪಿಯುಸಿ ಆಗಿದೆ, ಲೈಬ್ರರಿ ಸೈನ್ಸ್ ಸರ್ಟಿಫಿಕೇಟ್ ಕೋರ್ಸ್ ಮುಗಿದಿದೆ, ಊರಿನ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕರ ಕೆಲಸಕ್ಕೆ ಅರ್ಜಿ ಹಾಕಿದ್ದೀನಿ, ಅಲ್ಲಿ ಕೂತು ಓದೋಕೆ ಟೈಮ್ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಚನ್ನಗಿರಿ ಕಡೆ ಇದೇ ಕೆಲಸದಲ್ಲಿದ್ದೇನೆ. ಓದೋಕೆ ಟೈಮ್ ಸಿಗುವುದು ಕಡಿಮೆ. ಆದರೂ ಕೆಲಸ ಚೆನ್ನಾಗಿದೆ, ಬನ್ನಿ.

ಟೈಮ್ ಯಾಕೆ ಸಿಗಲ್ಲ ಅಂದರೆ ಅಲ್ಲಿರುವುದು ನೀವೊಬ್ಬರೇ. ಬೀಗ ತೆಗೆಯುವುದು, ಕಸ ಗುಡಿಸುವುದು, ಪೇಪರ್‌ಗೆ ಸೀಲ್ ಹೊಡೆದು ಟೇಬಲ್ ಮೇಲೆ ಇಡುವುದು, ಪುಸ್ತಕ ಕೊಡುವುದು, ವಾಪಸ್ ಬಂದಿದ್ದನ್ನು ಅದರ ಜಾಗಕ್ಕೆ ಸೇರಿಸುವುದು, ಕಂಪ್ಯೂಟರ್ ಆನ್ ಆಗದಿದ್ದರೆ ಯಾರನ್ನಾದರೂ ಹುಡುಕಿ ಕರೆತರುವುದು, ಎಲ್ಲಾ ನೀವೇ. ನೀವು ಒಂದು ದಿನ ರಜೆ ಹಾಕಿದರೆ ಬಾಗಿಲೇ ತೆಗೆಯಲ್ಲ ಅನ್ನುವ ಪರಿಸ್ಥಿತಿ ಎಷ್ಟೋ ಕಡೆ ಇದೆ. ಸಂಬಳ ಕೆಲವು ಸಲ ತಡ ಆಗುತ್ತೆ, ಅದನ್ನೂ ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಬೆಳಿಗ್ಗೆ ಮೊದಲು ಬರುವವರು ಪೇಪರ್ ಓದುವ ಹಿರಿಯರು. ನಮ್ಮ ಕಡೆ ಅಡಿಕೆ ತೋಟದವರು ಜಾಸ್ತಿ, ಹಾಗಾಗಿ ಮೊದಲು ಬಿಡಿಸುವುದು ಧಾರಣೆ ಬರುವ ಪುಟ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಯ ಸಾಲಿನ ಮೇಲೆ ಬೆರಳಿಟ್ಟು ನೋಡುತ್ತಾರೆ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರಿಗೆ ನಾನೇ ಓದಿ ಹೇಳಬೇಕು. ಆ ಒಂದು ಹಾಳೆಯನ್ನು ಬೇರೆ ಮಾಡಿ ರಟ್ಟಿಗೆ ಕ್ಲಿಪ್ ಹಾಕಿ ಇಡಿ, ಇಲ್ಲದಿದ್ದರೆ ಉಳಿದವರಿಗೆ ಪೇಪರ್ ಸಿಗುವುದೇ ಇಲ್ಲ.

ಆಮೇಲೆ ಬರುವುದು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಇವರು ನಿಮ್ಮ ಪುಸ್ತಕ ಮುಟ್ಟುವುದೇ ಅಪರೂಪ, ತಮ್ಮ ಗೈಡು ನೋಟ್ಸು ತಾವೇ ತರುತ್ತಾರೆ. ಅವರಿಗೆ ಬೇಕಿರುವುದು ಒಂದು ಕುರ್ಚಿ, ಫ್ಯಾನು, ಯಾರೂ ಕೆಲಸ ಹೇಳದ ಮೂರ್ನಾಲ್ಕು ಗಂಟೆ. ಅದರಲ್ಲೂ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಅಷ್ಟು ಹೊತ್ತು ಒಂದೇ ಕಡೆ ಕೂರೋಕೆ ಯಾರು ಬಿಡುತ್ತಾರೆ ಹೇಳಿ? ಲೈಬ್ರರಿಗೆ ಅಂದರೆ ಅಪ್ಪ ಅಮ್ಮ ಕಳಿಸುತ್ತಾರೆ. ಆದರೆ ಕಟ್ಟಡದಲ್ಲಿ ಶೌಚಾಲಯ ಇಲ್ಲದಿದ್ದರೆ ಅವರು ಮಧ್ಯಾಹ್ನಕ್ಕೇ ಎದ್ದು ಹೋಗುತ್ತಾರೆ, ನಾಲ್ಕು ದಿನ ಆದಮೇಲೆ ಬರುವುದನ್ನೇ ಬಿಡುತ್ತಾರೆ. ಹೊಸ ಪುಸ್ತಕದ ಬೀರು ಆಮೇಲೆ ಕೇಳಿ, ಮೊದಲು ನೀರು ಬರುವ ಶೌಚಾಲಯ ಕೇಳಿ. ಇದನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ.

ನಾಲ್ಕೂವರೆಗೆ ಶಾಲೆ ಬಿಟ್ಟ ಮೇಲೆ ಮಕ್ಕಳು ನುಗ್ಗುತ್ತಾರೆ. ಇರುವುದು ಒಂದೇ ಕೋಣೆ, ಪರೀಕ್ಷೆಗೆ ಓದುವವರಿಗೂ ಮಕ್ಕಳಿಗೂ ಜಗಳ ಆಗೇ ಆಗುತ್ತೆ. ನಾನು ಸಂಜೆ ಹೊತ್ತು ಮಕ್ಕಳಿಗೆ ಜಗುಲಿ ಮೇಲೆ ಚಾಪೆ ಹಾಕಿ ಕೊಡುತ್ತೇನೆ, ಮಳೆ ಬಂದರೆ ಮಾತ್ರ ಒಳಗೆ. ಮಳೆಗಾಲದಲ್ಲಿ ಗಲಾಟೆ ತಪ್ಪಲ್ಲ, ದೊಡ್ಡವರು ಸಹಿಸಿಕೊಳ್ಳಬೇಕು ಅಂತ ನೇರವಾಗಿ ಹೇಳಿಬಿಟ್ಟಿದ್ದೇನೆ. ಮಕ್ಕಳನ್ನು ಒಂದು ಸಲ ಗದರಿಸಿ ಕಳಿಸಿದರೆ ಮತ್ತೆ ಬರಲ್ಲ.

ಮಕ್ಕಳ ಸದಸ್ಯತ್ವಕ್ಕೆ ದುಡ್ಡಿಲ್ಲ. 2019ರಲ್ಲಿ ಪಂಚಾಯ್ತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತಲೂ ಇರುತ್ತೆ. ಉಚಿತ ಆದರೂ ಎಷ್ಟೋ ತಾಯಂದಿರು ಪುಸ್ತಕ ಮನೆಗೆ ತರಬೇಡ ಅನ್ನುತ್ತಾರೆ, ಹರಿದರೆ ದಂಡ ಕಟ್ಟಬೇಕು ಅನ್ನುವ ಭಯ. ಒಬ್ಬೊಬ್ಬರಿಗೂ ನೀವೇ ಹೋಗಿ ಹೇಳಬೇಕು, ಹರಿದರೆ ತಂದು ಕೊಡಿ ಅಕ್ಕ, ನಾನು ಅಂಟಿಸುತ್ತೇನೆ ಅಂತ. ಅಂಟಿಸೋಕೆ ಮೈದಾ ಹಿಟ್ಟು ಕಾಯಿಸಿ ಅದಕ್ಕೆ ಚೂರೇ ಚೂರು ಮೈಲುತುತ್ತ ಹಾಕಿ, ಹುಳ ಹಿಡಿಯಲ್ಲ. ಅದು ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಸೆಲೋಟೇಪ್ ಮಾತ್ರ ಹಾಕಬೇಡಿ, ವರ್ಷ ಕಳೆಯುವಷ್ಟರಲ್ಲಿ ಹಳದಿಯಾಗಿ ಅಕ್ಷರ ಸಮೇತ ಕಿತ್ತು ಬರುತ್ತೆ.

ಇನ್ನು ಕಾರ್ಯಕ್ರಮಗಳು. ಮೇಲಿಂದ ಹೇಳಿ ಮಾಡಿಸುವುದು ಕೆಲವು ಇವೆ. ಆಗಸ್ಟ್ 12 ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಹುಟ್ಟುಹಬ್ಬ, ಗ್ರಂಥಪಾಲಕರ ದಿನ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ನವೆಂಬರ್ 26ಕ್ಕೆ ಸಂವಿಧಾನ ಪೀಠಿಕೆ ಓದಿಸುವುದು. ಬೇಸಿಗೆಯಲ್ಲಿ ಶಿಬಿರ. ಇವಕ್ಕೆ ಬ್ಯಾನರ್ ಬೇಕು, ಅಧ್ಯಕ್ಷರು ಸದಸ್ಯರು ಬರಬೇಕು, ಸಂಜೆಯೊಳಗೆ ಫೋಟೋ ಗ್ರೂಪಿಗೆ ಹೋಗಬೇಕು. ಬೇಡ ಅಂತ ನಾನು ಹೇಳಲ್ಲ. ಅಧ್ಯಕ್ಷರು ಒಂದು ಸಲ ಒಳಗೆ ಬಂದು ಸೋರುವ ಮೂಲೆ ಕಣ್ಣಾರೆ ನೋಡಿದರೆ ಹತ್ತು ಅರ್ಜಿಗಿಂತ ಬೇಗ ಕೆಲಸ ಆಗುತ್ತೆ. ಆದರೆ ಅತಿಥಿಗಳು ಬರುವವರೆಗೆ ಮಕ್ಕಳನ್ನು ಬಿಸಿಲಲ್ಲಿ ಕೂರಿಸಬೇಡಿ. ಹೇಳಿದ ಟೈಮಿಗೆ ಮಕ್ಕಳ ಕೈಯಲ್ಲಿ ಓದಿಸುವುದನ್ನು ಶುರು ಮಾಡಿ, ದೊಡ್ಡವರು ಬಂದಾಗ ಬಂದು ಸೇರಿಕೊಳ್ಳುತ್ತಾರೆ.

ನಿಜವಾಗಿ ಓದುಗರನ್ನು ತರುವುದು ಮಾತ್ರ ಶನಿವಾರದ ಸಣ್ಣ ಕಾರ್ಯಕ್ರಮ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಮಕ್ಕಳು ಖಾಲಿ. ಪ್ರತಿ ಶನಿವಾರ ಅದೇ ಹೊತ್ತಿಗೆ ಕಥೆ ಅಂದರೆ ಸಾಕು, ಹ್ಯಾಂಡ್‌ಬಿಲ್ ಬೇಡ, ಮೈಕು ಬೇಡ. ನಾನು ಊರಿನ ಅಜ್ಜಿಯರನ್ನು ಕರೆದು ಕಥೆ ಹೇಳಿಸುತ್ತೇನೆ. ಹೆಚ್ಚಿನವರಿಗೆ ಓದು ಬರಲ್ಲ, ನಮಗೇನು ಕೆಲಸ ಅಲ್ಲಿ ಅಂತ ಬಾಗಿಲ ತನಕ ಬಂದು ನಿಲ್ಲುತ್ತಾರೆ. ಒಬ್ಬ ಅಜ್ಜಿ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದರು. ಮಳೆ ಬಂದು ಮನೆ ಕೊಚ್ಚಿಹೋದ ಕಾಗಕ್ಕ ಬಾಗಿಲು ಬಡಿಯುತ್ತೆ, ಗುಬ್ಬಕ್ಕ ತಡಿ ಮಗೂಗೆ ನೀರು ಹಾಕ್ತಿದೀನಿ, ತಡಿ ಬಟ್ಟೆ ಹಾಕ್ತಿದೀನಿ ಅನ್ನುತ್ತಾ ಕಾಯಿಸುತ್ತೆ, ಅದು ಎಲ್ಲರಿಗೂ ಗೊತ್ತಿರುವ ಕಥೆ ಅಲ್ವಾ. ಈ ಅಜ್ಜಿಯ ಕಥೆಯಲ್ಲಿ ಗುಬ್ಬಕ್ಕ ಕೂಗಿದ ಕೂಡಲೇ ಬಾಗಿಲು ತೆಗೆಯಿತು. ಮೂರನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು, ಹಂಗಲ್ಲ ಅಜ್ಜಿ, ಅದು ತೆಗೆಯಲ್ಲ ಅಂದಳು. ಅಜ್ಜಿ, ಮಳೇಲಿ ನೆನೀತಾ ನಿಂತೋರಿಗೆ ಬಾಗಿಲು ತೆಗೀದೆ ಇರ್ತಾರೇನೆ ಅಂದರು. ಆಮೇಲೆ ಮಕ್ಕಳಲ್ಲಿ ದೊಡ್ಡ ವಾದ ನಡೆಯಿತು. ಕೊನೆಗೆ ಎರಡೂ ಥರ ಬರೆಯೋಣ ಅಂತ ಒಪ್ಪಿದರು. ಬಿಳಿ ಹಾಳೆಯಲ್ಲಿ ಬರೆದು, ಚಿತ್ರ ಬಿಡಿಸಿ, ದಾರದಲ್ಲಿ ಹೊಲಿದು ಪುಸ್ತಕ ಮಾಡಿದರು. ಕಥೆ ಹೇಳಿದವರು ಅಂತ ಅಜ್ಜಿಯ ಹೆಸರು ಮೊದಲ ಪುಟದಲ್ಲಿದೆ. ಮಕ್ಕಳು ಬೀರುವಿನ ಮುಂದೆ ಕೂತು ಮೊದಲು ಎಳೆಯುವುದು ಅದನ್ನೇ. ಮುಂದಿನ ವಾರ ಆ ಅಜ್ಜಿಯ ಸೊಸೆ ಬಂದು, ನಮ್ಮತ್ತೆ ಹೆಸರು ಬರೆದಿರೋ ಪುಸ್ತಕ ತೋರ್ಸಿ ಅಂದರು. ಹೋಗುವಾಗ ಒಂದು ಕಾದಂಬರಿ ತೆಗೆದುಕೊಂಡು ಹೋದರು. ನನಗೆ ಕಾರ್ಯಕ್ರಮ ಗೆದ್ದಿತು ಅನಿಸುವುದು ಹೀಗೆ ಹೊಸಬರು ಒಬ್ಬರು ಪುಸ್ತಕ ಹಿಡಿದು ಹೊರಟಾಗ. ಎಷ್ಟು ಜನ ಕುರ್ಚಿಯಲ್ಲಿ ಕೂತಿದ್ದರು ಅನ್ನುವುದನ್ನು ನಾನು ನೋಡುವುದಿಲ್ಲ.

ಇದಕ್ಕೆಲ್ಲ ಖರ್ಚು? ಹಾಳೆ, ಬಣ್ಣದ ಪೆನ್ಸಿಲು, ದಾರ, ಅಷ್ಟೇ. ಆದರೂ ಕೈಯಿಂದ ಹಾಕಬೇಡಿ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಮನೆ ಕಂದಾಯದ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ವಸೂಲಾಗುತ್ತೆ. ಊರಿನವರೇ ಲೈಬ್ರರಿಗೆ ಅಂತ ಕಟ್ಟಿದ ದುಡ್ಡು ಅದು. ಎಷ್ಟು ಬಂದಿದೆ ಅಂತ ಪಿಡಿಒ ಹತ್ತಿರ ಮರ್ಯಾದೆಯಿಂದ ಕೇಳಿ, ಬೇಕಾದ್ದನ್ನು ಬರಹದಲ್ಲಿ ಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ. ಪುಸ್ತಕ ಕಡಿಮೆ ಇದ್ದರೆ ಮನೆಮನೆಗೆ ಹೋಗಿ ಕೇಳಬಹುದು, ಪುಸ್ತಕ ಜೋಳಿಗೆ ಅಂತ ಎಷ್ಟೋ ಕಡೆ ಮಾಡುತ್ತಾರೆ. ಹಳೇ ಪಠ್ಯಪುಸ್ತಕ ಜಾಸ್ತಿ ಬರುತ್ತೆ, ಮಕ್ಕಳ ಕಥೆ ಪುಸ್ತಕ ಇದ್ದರೆ ಕೊಡಿ ಅಂತ ಬಾಯಿಬಿಟ್ಟು ಕೇಳಿ.

ಕೆಲಸ ಸಿಕ್ಕಿದರೆ ಮೊದಲ ದಿನ ಒಂದು ವಿಷಯ ಮರೆಯಬೇಡಿ. ಚಾರ್ಜ್ ತೆಗೆದುಕೊಳ್ಳುವ ಮುಂಚೆ ಅಕ್ಸೆಷನ್ ರಿಜಿಸ್ಟರ್ (ಲೈಬ್ರರಿಗೆ ಬಂದ ಪುಸ್ತಕಗಳನ್ನೆಲ್ಲ ನಂಬರ್ ಹಾಕಿ ಬರೆದಿಡುವ ದಾಖಲೆ) ಹಿಡಿದು ಒಂದೊಂದೇ ಪುಸ್ತಕ ಟ್ಯಾಲಿ ಮಾಡಿ. ಕಾಣೆಯಾಗಿದ್ದು, ಗೆದ್ದಲು ತಿಂದಿದ್ದು ಎಲ್ಲವನ್ನೂ ಬೇರೆ ಪಟ್ಟಿಯಲ್ಲಿ ಬರೆದು ಪಿಡಿಒ ಅವರ ಸಹಿ ಹಾಕಿಸಿ. ಬೀಗದ ಕೈ ಅದಾದ ಮೇಲೆ ತಗೊಳ್ಳಿ.