ಎರಡನೇ ತರಗತಿಯ ಮಗಳು ಹೇಳಿಕೆ ಲೆಕ್ಕ ಬಂದರೆ "ಕೂಡಿಸುವುದಾ, ಕಳೆಯುವುದಾ?" ಎನ್ನುತ್ತಾಳೆ. ಏನು ಮಾಡಲಿ?

ನೀವು ಬರೆದಿರುವುದು ಇಷ್ಟು: ಮಗಳು ಮಂಗಳೂರಿನಲ್ಲಿ ಎರಡನೇ ತರಗತಿಯಲ್ಲಿದ್ದಾಳೆ. 47ಕ್ಕೆ 38 ಕೂಡಿಸು ಎಂದರೆ ತಪ್ಪದೆ ಕೂಡಿಸುತ್ತಾಳೆ, ಸಾಲ ತಂದು ಕಳೆಯುವುದೂ ಬರುತ್ತದೆ. ಆದರೆ ಅದೇ ಲೆಕ್ಕ ಮೂರು ನಾಲ್ಕು ಸಾಲಿನ ಹೇಳಿಕೆಯಾಗಿ ಬಂದರೆ ಪೆನ್ಸಿಲ್ ಕೆಳಗಿಟ್ಟು ನಿಮ್ಮ ಮುಖ ನೋಡುತ್ತಾಳೆ. 'ಒಟ್ಟು' ಎಂದಿದ್ದರೆ ಕೂಡಿಸು, 'ಉಳಿದ' ಎಂದಿದ್ದರೆ ಕಳೆ, 'ಹೆಚ್ಚು' ಎಂದಿದ್ದರೆ ಕೂಡಿಸು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಸಿ ಗೋಡೆಗೂ ಅಂಟಿಸಿದ್ದೀರಿ. ಪ್ರಯೋಜನವಾಗಲಿಲ್ಲ. ಟ್ಯೂಷನ್ ಬೇಕೇ, ಇನ್ನೊಂದು ಅಭ್ಯಾಸ ಪುಸ್ತಕ ತರಲೇ ಎಂದು ಕೇಳಿದ್ದೀರಿ.

ಟ್ಯೂಷನ್ ಬೇಡ, ಪುಸ್ತಕವೂ ಬೇಡ. ಆ ಪಟ್ಟಿಯನ್ನು ಇಂದೇ ಗೋಡೆಯಿಂದ ತೆಗೆಯಿರಿ.

ನಾನು ಉಡುಪಿ ತಾಲ್ಲೂಕಿನ ಪ್ರಾಥಮಿಕ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತೇನೆ. "ಟೀಚರ್, ಇದು ಕೂಡಿಸುವುದಾ, ಕಳೆಯುವುದಾ?" ಎಂಬ ಪ್ರಶ್ನೆ ಪ್ರತಿ ಜೂನ್‌ನಲ್ಲಿ ಮಳೆಯ ಜೊತೆಗೇ ಶುರುವಾಗುತ್ತದೆ. ಕೇಳುವ ಮಕ್ಕಳಲ್ಲಿ ಹೆಚ್ಚಿನವರಿಗೆ ಲೆಕ್ಕ ಚೆನ್ನಾಗಿಯೇ ಬರುತ್ತದೆ. ಹೇಳಿಕೆಯೊಳಗೆ ಒಂದು ಘಟನೆ ನಡೆಯುತ್ತಿದೆ ಎನ್ನುವುದನ್ನು ಅವರು ಗಮನಿಸುವುದಿಲ್ಲ, ಅಷ್ಟೇ. ಎರಡು ಸಂಖ್ಯೆ ಹೆಕ್ಕಿ, ಪಟ್ಟಿಯಲ್ಲಿರುವ ಒಂದು ಪದ ಹುಡುಕಿ, ಚಿಹ್ನೆ ಹಾಕಿಬಿಡುತ್ತಾರೆ. ಪಟ್ಟಿ ಕಲಿಸುವುದೂ ಅದನ್ನೇ: ಕಥೆ ಓದದೆ ಉತ್ತರ ತಲುಪುವುದನ್ನು.

ಈ ಎರಡು ಲೆಕ್ಕಗಳನ್ನು ಅವಳಿಗೆ ಕೊಟ್ಟು ನೋಡಿ.

"ರಾಜುವಿನ ಹತ್ತಿರ ಕೆಲವು ಗೋಲಿಗಳಿದ್ದವು. ತಮ್ಮನಿಗೆ 5 ಗೋಲಿ ಕೊಟ್ಟ. 8 ಉಳಿದವು. ಮೊದಲು ಎಷ್ಟಿದ್ದವು?" ಪಟ್ಟಿ ನಂಬಿದ ಮಗು 'ಉಳಿದವು' ನೋಡಿ 8ರಿಂದ 5 ಕಳೆದು 3 ಎಂದು ಬರೆಯುತ್ತದೆ. ಮೂರು ಗೋಲಿ ಇದ್ದವನು ಐದು ಕೊಟ್ಟದ್ದಾದರೂ ಹೇಗೆ?

"ಸುಮಾಳ ಹತ್ತಿರ 12 ಬಳೆಗಳಿವೆ. ಅವು ರಮ್ಯಾಳ ಬಳೆಗಳಿಗಿಂತ 4 ಹೆಚ್ಚು. ರಮ್ಯಾಳ ಹತ್ತಿರ ಎಷ್ಟಿವೆ?" 'ಹೆಚ್ಚು' ಕಂಡ ಮಗು 16 ಎನ್ನುತ್ತದೆ. ಉತ್ತರ 8.

ಒಂದನೇ ತರಗತಿಯ ಪುಸ್ತಕದಲ್ಲಿ ಪಟ್ಟಿ ಹೆಚ್ಚುಕಡಿಮೆ ಎಲ್ಲ ಕಡೆ ಸರಿಯಾದ ಉತ್ತರವನ್ನೇ ಕೊಡುತ್ತದೆ. ನನಗೆ ಭಯವಾಗುವುದು ಅದಕ್ಕೇ. ಮಗು ಅದನ್ನು ನಂಬಿಕೊಂಡು ಬೆಳೆಯುತ್ತದೆ. ಮೂರು, ನಾಲ್ಕನೇ ತರಗತಿಯಲ್ಲಿ ಎರಡು ಹಂತದ ಲೆಕ್ಕಗಳು ಬಂದಾಗ ನಂಬಿದ್ದು ಕೈಕೊಡುತ್ತದೆ. ಆ ಹೊತ್ತಿಗೆ "ನನಗೆ ಗಣಿತ ಆಗುವುದಿಲ್ಲ" ಎಂಬ ಮಾತು ಬಾಯಿಗೆ ಬಂದಿರುತ್ತದೆ.

ಇದು ನಮ್ಮ ಊರಿನ ಮಕ್ಕಳಿಗೆ ಮಾತ್ರ ಅಂಟಿದ ರೋಗವಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1980ರ ಸುಮಾರಿಗೆ ಎರಡು, ಮೂರನೇ ತರಗತಿಯ 97 ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು: "ಹಡಗಿನಲ್ಲಿ 26 ಕುರಿ, 10 ಆಡುಗಳಿವೆ. ಕ್ಯಾಪ್ಟನ್‌ನ ವಯಸ್ಸೆಷ್ಟು?" 76 ಮಕ್ಕಳು ಆ ಸಂಖ್ಯೆಗಳನ್ನೇ ಬಳಸಿ ವಯಸ್ಸು ಹೇಳಿದರು. ನಾನು ಅದನ್ನೇ ನಮ್ಮ ಮೀನುಗಾರಿಕೆ ಬಂದರು ಮಲ್ಪೆಗೆ ತಂದು, "ಬೋಟಿನಲ್ಲಿ 26 ಬುಟ್ಟಿ ಬಂಗುಡೆ, 10 ಬುಟ್ಟಿ ಬೂತಾಯಿ ಇದೆ, ತಾಂಡೇಲನಿಗೆ ಎಷ್ಟು ವರ್ಷ?" ಎಂದು ವರ್ಷಾರಂಭದಲ್ಲಿ ಕೇಳುತ್ತೇನೆ. ತಾಂಡೇಲ ಎಂದರೆ ಬೋಟು ನಡೆಸುವವನು. 36 ಎಂಬ ಉತ್ತರ ಬಂದೇ ಬರುತ್ತದೆ, ಅದೂ ಬೋಟಿಗೆ ಹೋಗುವ ಅಪ್ಪಂದಿರ ಮಕ್ಕಳಿಂದ. ಬುಟ್ಟಿ ಎಣಿಸಿದರೆ ವಯಸ್ಸು ಗೊತ್ತಾಗದು ಎಂಬುದು ಆ ಮಕ್ಕಳಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೆ ಲೆಕ್ಕದ ಪುಸ್ತಕ ತೆರೆದಾಗ ಮನೆಯ ತಿಳಿವಳಿಕೆಯನ್ನು ಹೊರಗಿಟ್ಟು ಬರಬೇಕು ಎಂದು ನಾವೇ ಅವರಿಗೆ ಕಲಿಸಿಬಿಟ್ಟಿದ್ದೇವೆ. ಈ ಅಭ್ಯಾಸವನ್ನು ಬಿಡಿಸುವುದೇ ನಿಮ್ಮ ಮುಂದಿರುವ ಕೆಲಸ.

ಮೊದಲು ಸಂಖ್ಯೆಗಳನ್ನು ತೆಗೆದುಬಿಡಿ. "ಬಸ್ಸಿನಲ್ಲಿ ಕೆಲವರಿದ್ದರು. ಕಾಪುವಿನಲ್ಲಿ ಕೆಲವರು ಹತ್ತಿದರು." ಇಷ್ಟೇ ಹೇಳಿ ನಿಲ್ಲಿಸಿ. ಏನಾಯಿತು? ಈಗ ಬಸ್ಸಿನಲ್ಲಿ ಜನ ಹೆಚ್ಚಾದರೋ, ಕಡಿಮೆಯಾದರೋ? ಮೊದಲು ಎಷ್ಟಿದ್ದರು ಎಂದು ನಮಗೆ ಗೊತ್ತಿದೆಯೋ, ಇಲ್ಲವೋ? ಹೆಕ್ಕಲು ಸಂಖ್ಯೆ ಇಲ್ಲದಿದ್ದಾಗ ಮಗುವಿಗೆ ಕಥೆ ಕೇಳದೆ ಬೇರೆ ದಾರಿಯಿಲ್ಲ. ಅದು ತನ್ನ ಮಾತಿನಲ್ಲಿ ಕಥೆ ಹೇಳಿದ ಮೇಲೆ ಸಂಖ್ಯೆ ಕೊಡಿ. ಸಂಖ್ಯೆಗಳು ಚಿಕ್ಕವಿರಲಿ, ಇಪ್ಪತ್ತರೊಳಗೆ ಸಾಕು. ಕಥೆ ಕಷ್ಟವಾದಷ್ಟು ಸಂಖ್ಯೆ ಸುಲಭವಾಗಿರಬೇಕು. ಎರಡನ್ನೂ ಒಟ್ಟಿಗೆ ಕಷ್ಟ ಮಾಡಿದರೆ ಮಗು ಎಲ್ಲಿ ಎಡವಿತು ಎಂದು ನಿಮಗೂ ತಿಳಿಯುವುದಿಲ್ಲ.

ಆಮೇಲೆ ಎಣಿಸಲು ಕೈಗೆ ಕಾಯಿ ಕೊಡಿ. ಮಂಜೊಟ್ಟಿ ಎಂಬ ಕೆಂಪು ಬೀಜ, ಹುಣಸೆ ಬೀಜ, ಗುಂಡಿ, ಏನೂ ಆದೀತು. ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆ ಇರುವ ಮನೆಯಾದರೆ ಅಟ್ಟದಿಂದ ಇಳಿಸಿ. ನಮ್ಮ ತರಗತಿಯಲ್ಲಿ ಬೆಂಚುಗಳನ್ನು ಎರಡು ಸಾಲು ಹಾಕಿ ಬಸ್ಸು ಮಾಡುತ್ತೇವೆ. ಕಂಡಕ್ಟರ್ ಆಗಲು ಜಗಳವೇ ನಡೆಯುತ್ತದೆ, ಏಕೆಂದರೆ "ರೈಟ್ ಪೋಯಿ" ಎಂದು ಕೂಗುವುದು ಅವನೇ. ಹೀಗೆ ಆಡಿದ ಮೇಲೆ ಒಂದು ದಿನ ಈ ಲೆಕ್ಕ ಕೊಟ್ಟಿದ್ದೆ: "ಬಸ್ಸಿನಲ್ಲಿ ಕೆಲವರಿದ್ದರು. ಕಾಪುವಿನಲ್ಲಿ 6 ಮಂದಿ ಹತ್ತಿದರು. ಈಗ 15 ಮಂದಿ ಇದ್ದಾರೆ. ಮೊದಲು ಎಷ್ಟಿದ್ದರು?" ಓದುವುದರಲ್ಲಿ ತುಂಬ ಹಿಂದಿದ್ದ ಒಬ್ಬ ಹುಡುಗ ಹದಿನೈದು ಮಂಜೊಟ್ಟಿಗಳನ್ನು ಸ್ಲೇಟಿನ ಮೇಲೆ ಇಟ್ಟ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಮತ್ತೆ ಆರನ್ನು ಒಂದೊಂದಾಗಿ ಬೆರಳಿನಿಂದ ಅಂಚಿಗೆ ಸರಿಸಿ, "ಬಸ್ಸನ್ನು ಹಿಂದಕ್ಕೆ ಬಿಡಬೇಕು ಟೀಚರ್. ಇವರು ಕಾಪುವಿನಲ್ಲಿ ಹತ್ತಿದವರಲ್ಲವಾ, ಕೆಳಗೆ ಇಳಿಯಲಿ" ಎಂದ. ಉಳಿದವನ್ನು ಎಣಿಸಿ ಒಂಬತ್ತು ಎಂದ. 15 - 6 = 9 ಎಂದು ಬರೆದದ್ದು ಎಲ್ಲ ಆದ ನಂತರ. ಹೇಳಿಕೆಯಲ್ಲಿ ಇದ್ದದ್ದು 'ಹತ್ತಿದರು' ಎಂಬ ಪದ, ಅವನು ಮಾಡಿದ್ದು ಕಳೆಯುವ ಲೆಕ್ಕ. ಕೂಡಿಸುವುದೋ, ಕಳೆಯುವುದೋ ಎಂದು ಅವನು ನನ್ನನ್ನು ಕೇಳಲಿಲ್ಲ, ಕೇಳುವ ಅಗತ್ಯವೇ ಬೀಳಲಿಲ್ಲ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನೆಮಾ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಇದನ್ನೇ ವಿವರವಾಗಿ ಅಧ್ಯಯನ ಮಾಡಿದರು. ಚಿಕ್ಕ ಮಕ್ಕಳು ಯಾರೂ ಕಲಿಸದೆಯೇ ಕಾಯಿಗಳನ್ನಿಟ್ಟು ಕಥೆಯನ್ನು ಹಾಗೆಯೇ ನಡೆಸಿ ಉತ್ತರ ಕಂಡುಕೊಳ್ಳುತ್ತಾರೆ ಎಂದು ಅವರು ತೋರಿಸಿದರು. ಲೆಕ್ಕ ಎಷ್ಟು ಕಷ್ಟ ಎನ್ನುವುದು ಗೊತ್ತಿಲ್ಲದ ಸಂಖ್ಯೆ ಕಥೆಯಲ್ಲಿ ಎಲ್ಲಿದೆ ಎನ್ನುವುದರ ಮೇಲೆ ನಿಂತಿದೆ ಎಂಬುದೂ ಅವರ ಕೆಲಸದಿಂದ ಸ್ಪಷ್ಟವಾಯಿತು. ಕೊನೆಯದು ಗೊತ್ತಿಲ್ಲದಿದ್ದರೆ ಸುಲಭ, ನಡುವಿನದು ಗೊತ್ತಿಲ್ಲದಿದ್ದರೆ ಸ್ವಲ್ಪ ಕಷ್ಟ, ಮೊದಲಿನದು ಗೊತ್ತಿಲ್ಲದಿದ್ದರೆ ಇನ್ನೂ ಕಷ್ಟ. ನಿಮ್ಮ ಮಗಳ ಪುಸ್ತಕವನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ಹೆಚ್ಚಿನ ಲೆಕ್ಕಗಳಲ್ಲಿ ಕೊನೆಯದನ್ನೇ ಕೇಳಿದ್ದರೆ, ಉಳಿದ ಎರಡು ಬಗೆಯನ್ನು ನೀವೇ ಬಾಯಲ್ಲಿ ಹೇಳಬೇಕಾಗುತ್ತದೆ.

ಹೋಲಿಕೆಯ ಲೆಕ್ಕಗಳಿಗೆ, ಅಂದರೆ 'ಎಷ್ಟು ಹೆಚ್ಚು', 'ಎಷ್ಟು ಕಡಿಮೆ' ಎಂದು ಕೇಳುವವಕ್ಕೆ, ಬೇರೆ ಉಪಾಯ ಬೇಕು. ಅಲ್ಲಿ ಏನೂ ನಡೆಯುವುದಿಲ್ಲ. ಯಾರೂ ಹತ್ತುವುದಿಲ್ಲ, ಇಳಿಯುವುದಿಲ್ಲ. ಆದ್ದರಿಂದ ಮಗುವಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಟಾಮ್ ಹಡ್ಸನ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. 5 ಹಕ್ಕಿ, 3 ಹುಳು ಇರುವಂಥ ಚಿತ್ರಗಳನ್ನು ತೋರಿಸಿ "ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು?" ಎಂದು ಕೇಳಿದಾಗ ಒಂದನೇ ತರಗತಿಯ ಮಕ್ಕಳಲ್ಲಿ ನೂರಕ್ಕೆ 64 ಮಂದಿ ಮಾತ್ರ ಸರಿಯಾಗಿ ಹೇಳಿದರು. "ಹಕ್ಕಿಗಳೆಲ್ಲ ಓಡಿಬಂದು ಒಂದೊಂದು ಹುಳು ಹಿಡಿಯಲು ನೋಡಿದರೆ ಎಷ್ಟು ಹಕ್ಕಿಗಳಿಗೆ ಹುಳು ಸಿಗುವುದಿಲ್ಲ?" ಎಂದು ಕೇಳಿದಾಗ ಎಲ್ಲರೂ ಸರಿ ಹೇಳಿದರು. ಚಿತ್ರ ಅದೇ, ಲೆಕ್ಕ ಅದೇ. ನಿಮ್ಮ ಮನೆಯಲ್ಲಿ ಹೀಗೆ ಕೇಳಿ: ಬಾಣಲೆಯಲ್ಲಿ 4 ಬಂಗುಡೆ, ಊಟಕ್ಕೆ 7 ಮಂದಿ, ಎಷ್ಟು ಮಂದಿಗೆ ಮೀನು ಸಿಗುವುದಿಲ್ಲ? ಅದು ಬಂದ ಮೇಲೆ ಕಾಯಿಗಳನ್ನು ಎರಡು ಸಾಲಾಗಿ, ಒಂದರ ಕೆಳಗೆ ಒಂದು ಬರುವಂತೆ ಜೋಡಿಸಿ, ಜೋಡಿಯಿಲ್ಲದೆ ಉಳಿದದ್ದೇ 'ಹೆಚ್ಚು' ಎಂದು ತೋರಿಸಿ. ಬಳೆಯ ಲೆಕ್ಕಕ್ಕೂ ಇದೇ ಎರಡು ಸಾಲು ಸಾಕು: ಸುಮಾಳ ಉದ್ದದ ಸಾಲು, ಕೆಳಗೆ ನಾಲ್ಕು ಕಡಿಮೆ ಇರುವ ರಮ್ಯಾಳ ಸಾಲು. ಕ್ರಮೇಣ ಕಾಯಿಯ ಬದಲು ನೋಟ್‌ಬುಕ್‌ನಲ್ಲಿ ಎರಡು ಉದ್ದನೆಯ ಆಯತ ಎಳೆಯಲಿ. ಸಿಂಗಾಪುರದ ಶಾಲೆಗಳಲ್ಲಿ 1980ರ ದಶಕದಿಂದ ಇಂಥ ಆಯತದ ಚಿತ್ರಗಳಿಂದಲೇ ಹೇಳಿಕೆ ಲೆಕ್ಕ ಕಲಿಸುತ್ತಾ ಬಂದಿದ್ದಾರೆ.

ನಿಮ್ಮ ಮನೆಮಾತು ತುಳು ಎಂದಿದ್ದೀರಿ, ಶಾಲೆ ಇಂಗ್ಲಿಷ್ ಮಾಧ್ಯಮ. ಹಾಗಿದ್ದರೆ ಒಂದು ಪರೀಕ್ಷೆ ಮಾಡಿ. ಪುಸ್ತಕದಲ್ಲಿ ಅವಳು ಬಿಟ್ಟುಬಿಟ್ಟ ಲೆಕ್ಕವನ್ನು ಅಡುಗೆಮನೆಯಲ್ಲಿ ತುಳುವಿನಲ್ಲಿ ಬಾಯಿಮಾತಿನಲ್ಲೇ ಹೇಳಿ. ಥಟ್ಟನೆ ಉತ್ತರ ಹೇಳಿದರೆ ತೊಡಕಿರುವುದು ಓದುವುದರಲ್ಲಿ, ಲೆಕ್ಕದಲ್ಲಲ್ಲ. ಆಗ ಇನ್ನೂ ಕೆಲವು ತಿಂಗಳು ಹೇಳಿಕೆಯನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ, ಅದರಲ್ಲಿ ಸಂಕೋಚ ಬೇಡ. ತುಳುವಿನಲ್ಲಿಯೂ ಸಿಕ್ಕಿಕೊಂಡರೆ ಕಾಯಿಗಳಿಗೆ ಹಿಂತಿರುಗಿ. ಈ ಎರಡನ್ನು ಬೇರ್ಪಡಿಸದೆ ಮಗುವನ್ನು 'ಲೆಕ್ಕದಲ್ಲಿ ಹಿಂದೆ' ಎನ್ನುವುದು ಅನ್ಯಾಯ.

ಗುಣಾಕಾರ, ಭಾಗಾಕಾರ ಬರುವ ಹೊತ್ತಿಗೆ ನಮ್ಮ ಕರಾವಳಿಯಷ್ಟು ಸಮೃದ್ಧವಾದ ಜಾಗ ಇನ್ನೊಂದಿಲ್ಲ ಎಂದೇ ನನ್ನ ಭಾವನೆ. ಅಷ್ಟಮಿಗೆ ಕಡುಬು ಬೇಯಿಸಲು ಎಲೆಯ ಕೊಟ್ಟೆ ಕಟ್ಟುವಾಗ ಒಂದು ಕೊಟ್ಟೆಗೆ ನಾಲ್ಕು ಹಲಸಿನ ಎಲೆ. ಹನ್ನೆರಡು ಕಡುಬಿಗೆ ಎಷ್ಟು ಎಲೆ ಕೊಯ್ದು ತರಬೇಕು? ಮಗಳನ್ನೇ ಎಲೆ ತರಲು ಕಳುಹಿಸಿ, ಕಡಿಮೆ ತಂದರೆ ಅವಳಿಗೇ ಗೊತ್ತಾಗುತ್ತದೆ. ಶಂಕರಪುರ ಮಲ್ಲಿಗೆ ಹೂ ಮಾರುವಾಗ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮೂರು ಅಟ್ಟೆಯಲ್ಲಿ ಎಷ್ಟು ಚೆಂಡು? ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಒಟ್ಟು 56 ಇವೆಯೋ, ಒಂದು ಕಳೆದುಹೋಗಿದೆಯೋ? ಹನ್ನೆರಡು ಗೋಲಿಬಜೆಯನ್ನು ಮೂರು ತಟ್ಟೆಗೆ ಸಮನಾಗಿ ಹಾಕುವುದು ಒಂದು ಲೆಕ್ಕ, ತಟ್ಟೆಗೆ ಮೂರರಂತೆ ಹಾಕಿದರೆ ಎಷ್ಟು ತಟ್ಟೆ ಬೇಕು ಎನ್ನುವುದು ಇನ್ನೊಂದು. ಎರಡಕ್ಕೂ ಬರೆಯುವುದು 12 ಭಾಗಿಸು 3 ಎಂದೇ. ಆದರೆ ಕೈ ಮಾಡುವ ಕೆಲಸ ಬೇರೆ, ಆದ್ದರಿಂದ ಎರಡನ್ನೂ ಆಡಿಸಿ. ಶೇಷದ ವಿಷಯ ಬಂದಾಗ ರಿಕ್ಷಾದ ಲೆಕ್ಕ ಹೇಳಿ: ಹತ್ತು ಮಂದಿ ನೆಂಟರು, ರಿಕ್ಷಾಕ್ಕೆ ಮೂವರಂತೆ. "ಮೂರು ರಿಕ್ಷಾ, ಶೇಷ ಒಂದು" ಎಂದು ಬರೆದರೆ ಒಬ್ಬರು ರಸ್ತೆಯಲ್ಲೇ ಉಳಿಯುತ್ತಾರೆ.

ಕನ್ನಡ ನೆಲಕ್ಕೆ ಈ ಬಗೆಯ ಲೆಕ್ಕಗಳು ಹೊಸದೇನಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತ ಗ್ರಂಥದಲ್ಲಿ ಒಂದು ಮಾವಿನ ಹಣ್ಣಿನ ಲೆಕ್ಕವಿದೆ. ರಾಶಿಯಲ್ಲಿ ಆರನೇ ಒಂದು ಭಾಗ ರಾಜನಿಗೆ, ಉಳಿದುದರಲ್ಲಿ ಐದನೇ ಒಂದು ರಾಣಿಗೆ, ಆಮೇಲೆ ಉಳಿಯುತ್ತಾ ಹೋದುದರಲ್ಲಿ ನಾಲ್ಕನೇ ಒಂದು, ಮೂರನೇ ಒಂದು, ಅರ್ಧ ಮೂವರು ರಾಜಕುಮಾರರಿಗೆ. ಕೊನೆಗೆ ಉಳಿದ ಮೂರು ಹಣ್ಣು ಚಿಕ್ಕ ಮಗುವಿಗೆ. ರಾಶಿಯಲ್ಲಿ ಎಷ್ಟಿತ್ತು? ಕೊನೆಯಿಂದ ಹಿಂದಕ್ಕೆ ನಡೆಯಿರಿ: ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದು, ಹದಿನೆಂಟು. ಎಲ್ಲರಿಗೂ ಸಿಕ್ಕಿದ್ದು ಮೂರು ಮೂರೇ ಹಣ್ಣು! ನಮ್ಮ ಹುಡುಗ ಕಾಪುವಿನಿಂದ ಬಸ್ಸನ್ನು ಹಿಂದಕ್ಕೆ ಬಿಟ್ಟದ್ದೂ ಇದೇ ದಾರಿಯಲ್ಲಿ. ಎರಡನೇ ತರಗತಿಗೆ ಈ ಲೆಕ್ಕ ಬೇಗವಾಯಿತು. ಐದನೇ ತರಗತಿಗೆ ಬಂದಾಗ ಹದಿನೆಂಟು ಕಾಯಿ ಇಟ್ಟು ಆಡಿಸಿ.

ಶಾಲೆಯಲ್ಲಿ ಕ್ರಮ ಬರೆಯಲೇಬೇಕು ಎನ್ನುತ್ತಾರೆ, ಅದು ತಪ್ಪಲ್ಲ. ಒಂದು ಬದಲಾವಣೆ ಮಾಡಿ: ಉತ್ತರದ ವಾಕ್ಯವನ್ನು ಮೊದಲೇ ಬರೆಯಲಿ, ಸಂಖ್ಯೆಯ ಜಾಗ ಖಾಲಿ ಬಿಟ್ಟು. "ಬಸ್ಸಿನಲ್ಲಿ ಮೊದಲು ___ ಮಂದಿ ಇದ್ದರು." ಏನು ಹುಡುಕುತ್ತಿದ್ದೇನೆ ಎಂದು ಕಣ್ಣೆದುರಿಗೇ ಇರುತ್ತದೆ. ಉತ್ತರ ತುಂಬಿದ ಮೇಲೆ ಪೂರ್ತಿ ಕಥೆಯನ್ನು ಆ ಸಂಖ್ಯೆಯೊಂದಿಗೆ ಮತ್ತೊಮ್ಮೆ ಓದಲಿ. ಮೂರು ಗೋಲಿಯವನು ಐದು ಕೊಟ್ಟಂಥ ತಪ್ಪುಗಳನ್ನು ಆಗ ಅವಳೇ ಹಿಡಿಯುತ್ತಾಳೆ.

ದಿನಕ್ಕೆ ಎರಡು ಲೆಕ್ಕ ಸಾಕು, ಆದರೆ ಎರಡೂ ಬೇರೆ ಬೇರೆ ಬಗೆಯವಾಗಿರಲಿ. ಹತ್ತೂ ಕೂಡಿಸುವುದೇ ಇರುವ ಹಾಳೆ ಕೊಟ್ಟರೆ ಎರಡನೆಯದರಿಂದಲೇ ಓದುವುದು ನಿಂತುಹೋಗುತ್ತದೆ. ವಾರಕ್ಕೊಮ್ಮೆ 9 - 4 ಎಂದು ಬರೆದು ಕೊಟ್ಟು, ಇದಕ್ಕೊಂದು ಕಥೆ ಹೇಳು ಎನ್ನಿ. ಮಕ್ಕಳು ಕಟ್ಟುವ ಕಥೆ ಕೇಳಿದರೆ ಅವರಿಗೆ ಎಷ್ಟು ಅರ್ಥವಾಗಿದೆ ಎಂದು ಯಾವ ಪರೀಕ್ಷೆಗಿಂತಲೂ ಚೆನ್ನಾಗಿ ತಿಳಿಯುತ್ತದೆ. "ಕೂಡಿಸುವುದಾ, ಕಳೆಯುವುದಾ?" ಎಂದು ಅವಳು ಮತ್ತೆ ಕೇಳಿಯೇ ಕೇಳುತ್ತಾಳೆ. ಉತ್ತರ ಕೊಡಬೇಡಿ, ಗದರಬೇಡಿ. "ಏನಾಯಿತು, ನನಗೆ ಹೇಳು" ಎನ್ನಿ.

ನಾಳೆಗೆ ಇದನ್ನು ಕೊಡಿ: "ಅಜ್ಜಿ ಬುಟ್ಟಿಯಲ್ಲಿ ಕೆಲವು ನೀರುದೋಸೆ ಇಟ್ಟಿದ್ದರು. ಅಣ್ಣ 4 ತಿಂದ, ನಾನು 3 ತಿಂದೆ. ಬುಟ್ಟಿಯಲ್ಲಿ ಇನ್ನೂ 6 ಇವೆ. ಅಜ್ಜಿ ಎಷ್ಟು ಇಟ್ಟಿದ್ದರು?" ಕಾಯಿಗಳನ್ನು ಅವಳ ಮುಂದಿಟ್ಟು ನೀವು ಕೈಕಟ್ಟಿ ಕುಳಿತುಕೊಳ್ಳಿ. ಮೊದಲು ಯಾವ ಕಾಯಿ ಮುಟ್ಟಿದಳು, ಎಲ್ಲಿ ನಿಂತಳು ಎಂದು ನೋಡಿ ಇಲ್ಲಿ ಬರೆಯಿರಿ. ಅದನ್ನು ನೋಡಿ ಮುಂದಿನ ಲೆಕ್ಕ ಯಾವುದು ಕೊಡಬೇಕೆಂದು ಹೇಳುತ್ತೇನೆ.