ದೇವರು ಸುಮ್ನೆ ಕ್ಷಮಿಸಬಹುದಿತ್ತಲ್ಲ, ಯೇಸು ಯಾಕೆ ಸಾಯಬೇಕಿತ್ತು?

ಕ್ರೈಸ್ತರು ಕೊಡುವ ಉತ್ತರ ಇದು: ಕ್ಷಮೆ ಪಡೆಯುವವನಿಗೆ ಬಿಟ್ಟಿ, ಕೊಡುವವನಿಗೆ ಅಲ್ಲ. ನಾನು ನಿಮ್ಮ ಸಾಲ ಮನ್ನಾ ಮಾಡಿದರೆ ಆ ದುಡ್ಡೇನೂ ವಾಪಸ್ ಬರುವುದಿಲ್ಲ. ನಷ್ಟ ನನ್ನದೇ, ಅಲ್ವಾ? ಯೇಸು ಕಲಿಸಿದ ಪ್ರಾರ್ಥನೆಯಲ್ಲೂ (ಬೈಬಲಿನ ಮತ್ತಾಯ 6:12) ತಪ್ಪುಗಳಿಗೆ ಬಳಸಿದ ಗ್ರೀಕ್ ಪದದ ಅರ್ಥ 'ಸಾಲ' ಎಂದೇ. ಪಾಪ ಅಂದರೆ ಬರೀ ನಿಯಮ ಮುರಿಯುವುದಲ್ಲ, ದೇವರ ಜೊತೆಗಿನ ಸಂಬಂಧ ಕೆಡಿಸಿಕೊಳ್ಳುವುದು. ಆ ನಷ್ಟವನ್ನು ದೇವರೇ ಯೇಸು ಎಂಬ ಮನುಷ್ಯನಾಗಿ ಬಂದು ಶಿಲುಬೆಯ ಮೇಲೆ ಹೊತ್ತುಕೊಂಡ ಎಂಬುದು ಅವರ ನಂಬಿಕೆ. ಯಾರೋ ಮೂರನೆಯವನಿಗೆ ಶಿಕ್ಷೆ ಕೊಟ್ಟ ಕಥೆ ಅಂತ ಓದಿದರೆ ಮಾತ್ರ ಅದು ಅನ್ಯಾಯವಾಗಿ ಕಾಣುತ್ತದೆ. ಅಂದಹಾಗೆ, ಎಲ್ಲರೂ ಸಾಲದ ಹೋಲಿಕೆಗೇ ಅಂಟಿಕೊಂಡಿಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳು (ಗ್ರೀಸ್, ರಷ್ಯಾ ಮುಂತಾದ ಕಡೆಯ ಹಳೆಯ ಕ್ರೈಸ್ತ ಪಂಗಡಗಳು) ಪಾಪವನ್ನು ರೋಗಕ್ಕೆ, ಕ್ಷಮೆಯನ್ನು ಗುಣವಾಗುವುದಕ್ಕೆ ಜಾಸ್ತಿ ಹೋಲಿಸುತ್ತವೆ.